ಬಿಸಿನೀರಿನ ಮನೆಯಲ್ಲಿ ಒಂದು ತಣ್ಣೀರ ತೊಟ್ಟಿ

ನಮ್ಮ ಸ್ನಾನದ ಮನೆಯಲ್ಲಿ ನನ್ನದು ಕೌಂಟರಿನ ಕೆಲಸ. ಬಂದವರಿಗೆ ಟವಲು, ಸೋಪು, ಬೀಗದ ಕೈ ಕೊಡಬೇಕು. ಟವಲನ್ನು ಹೆಗಲ ಮೇಲೆ ಹಾಕಿಕೊಂಡು ಏನೂ ಗೊತ್ತಿಲ್ಲದವರ ಹಾಗೆ ಹೊರಟವರನ್ನು ಕೂಗಿ ಕರೆಯಬೇಕು. ಈ ಎರಡನೆಯ ಕೆಲಸದಿಂದಲೇ ನನ್ನ ಗಂಟಲು ಹೀಗಾಗಿದ್ದು. ನನ್ನ ಕುರ್ಚಿಯ ಹಿಂದಿನ ಗೋಡೆಯ ಆ ಕಡೆ ಬಾಯ್ಲರು, ಬಾಯ್ಲರಿನ ಪಕ್ಕ ಅವನು. ಇಡೀ ಬೀದಿಗೆ ಅವನು ಬಾಯ್ಲರಣ್ಣ. ನನಗಿಂತ ಚಿಕ್ಕವನಾದ್ದರಿಂದ ನಾನು 'ಏನಪ್ಪಾ' ಎಂದರೆ ಮುಗಿಯಿತು. ಅವನು ನನ್ನನ್ನು ಅಕ್ಕ ಅನ್ನುತ್ತಿದ್ದ. ಅದೂ ದಿನಕ್ಕೊಂದೇ ಸಲ, ಬೆಳಿಗ್ಗೆ ಬಾಗಿಲು ತೆಗೆಯುವಾಗ. ಆಮೇಲೆ ಸಂಜೆಯವರೆಗೆ ಅವನ ಬಾಯಿಗೆ ಬೀಗ.

ಮೈಗಳ್ಳನಲ್ಲ, ಕೆಟ್ಟವನಂತೂ ಅಲ್ಲವೇ ಅಲ್ಲ. ಮಾತಾಡಿದರೆ ಏನೋ ಕಳೆದುಹೋಗುತ್ತದೆ ಅನ್ನುವ ಹಾಗಿದ್ದ, ಅಷ್ಟೇ. ನಮ್ಮಲ್ಲಿಗೆ ಬರುವವರು ಗೋದಾಮಿನಲ್ಲಿ ಮೂಟೆ ಹೊರುವವರು, ಪಾಳಿ ಮುಗಿಸಿ ಬಂದ ಬಸ್ಸಿನ ಡ್ರೈವರುಗಳು, ಇಕ್ಕಟ್ಟಾದ ಬಾಡಿಗೆ ಕೋಣೆಗಳಲ್ಲಿ ನಲ್ಲಿಯೇ ಇಲ್ಲದವರು. ಅವರೆಲ್ಲ ಬಾಗಿದ ಬೆನ್ನಿನಲ್ಲಿ ಒಳಗೆ ಹೋಗಿ ನೆಟ್ಟಗೆ ನಿಂತು ಹೊರಗೆ ಬರುತ್ತಿದ್ದರು. ಅದನ್ನು ಕಂಡಾಗ ಮಾತ್ರ ಅವನ ಮುಖದಲ್ಲಿ ಒಂದಿಷ್ಟು ಗೆಲುವು. ಬಿಸಿನೀರಿನಿಂದ ಹೋಗದ ನೋವು ಈ ಲೋಕದಲ್ಲಿ ಇಲ್ಲ ಅಂತ ಅವನು ಗಟ್ಟಿಯಾಗಿ ನಂಬಿದ್ದ. ಸೊಂಟ ನೋವಿಗೂ ಬಿಸಿನೀರು, ನೆಗಡಿಗೂ ಬಿಸಿನೀರು. ಒಬ್ಬ ಡ್ರೈವರು ಹೆಂಡತಿ ಮುನಿಸಿಕೊಂಡು ತವರಿಗೆ ಹೋದಳೆಂದು ಕಣ್ಣೀರು ಹಾಕಿದಾಗ, ಅವನಿಗೂ ಒಂದು ಬಕೆಟ್ಟು ಹೆಚ್ಚಿಗೆ ಬಿಸಿನೀರು ಕೊಟ್ಟು ಕಳಿಸಿದ. ಮದುವೆ ಯಾಕಪ್ಪ ಆಗಲಿಲ್ಲ ಅಂತ ನಾನೊಮ್ಮೆ ಕೆಣಕಿದ್ದಕ್ಕೆ, ಬಾಯ್ಲರು ಯಾರು ನೋಡ್ಕೋತಾರೆ ಅಂದ. ತಮಾಷೆಗೆ ಹೇಳಿದನೋ ನಿಜವಾಗಿ ಹೇಳಿದನೋ ಇವತ್ತಿಗೂ ನನಗೆ ತಿಳಿದಿಲ್ಲ.

ಮನೆಯಲ್ಲಿ ಅವನಿಗೆ ಇದ್ದವಳು ತಂಗಿ ಒಬ್ಬಳೇ. ಅವನಿಗಿಂತ ಎಷ್ಟೋ ಚಿಕ್ಕವಳು. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಹೋದಾಗ ಅವಳಿನ್ನೂ ಲಂಗದ ಲಾಡಿ ಕಟ್ಟಿಕೊಳ್ಳಲು ಬಾರದ ಮಗು. ಅವಳ ಕೂದಲು ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಶಾಲೆಗೆ ಸೇರಿಸಿದ್ದು ಎಲ್ಲ ಅವನೇ. ಪುಟ್ಟಿ ಅನ್ನುತ್ತಿದ್ದ. ಆದರೆ ಅವಳ ಹತ್ತಿರವೂ ಮಾತು ಅಷ್ಟಕ್ಕಷ್ಟೇ. ಊಟಕ್ಕೆ ಕೂತರೆ ಇಬ್ಬರ ತಟ್ಟೆಯ ಸದ್ದು ಬಿಟ್ಟು ಬೇರೆ ಸದ್ದಿರುತ್ತಿರಲಿಲ್ಲವಂತೆ.

ಪುಟ್ಟಿಗೆ ಓಡುವ ಹುಚ್ಚು ಎಲ್ಲಿಂದ ಬಂತೋ. ಶಾಲೆಯಿಂದ ಸ್ನಾನದ ಮನೆಗೆ ಓಡಿಕೊಂಡೇ ಬರುತ್ತಿದ್ದಳು. ಯಾರಾದರೂ ಅಟ್ಟಿಸಿಕೊಂಡು ಬಂದರಾ ಅಂತ ನಾನು ಬಾಗಿಲಿಗೆ ಹೋಗಿ ನೋಡಿದ್ದೂ ಉಂಟು. ದೊಡ್ಡವಳಾಗುತ್ತ ಊರಿನ ಹೊರಗಿನ ರಸ್ತೆ ಹಿಡಿದಳು. ಸೇತುವೆ ದಾಟಿ, ಗೋದಾಮುಗಳನ್ನು ದಾಟಿ, ನಾವೆಲ್ಲ ಬಸ್ಸಿನಲ್ಲಿ ಹೋಗಲು ಬೇಸರಪಡುವ ದೂರಕ್ಕೆ ಓಡಿ ಹೋಗಿ ಓಡಿಯೇ ಬರುತ್ತಿದ್ದಳು. ಚಿಕ್ಕ ಓಟಗಳಲ್ಲಿ ಅವಳು ಏನೂ ಅಲ್ಲ. ದೂರ ಹೆಚ್ಚಿದ ಹಾಗೆಲ್ಲ ಉಳಿದವರು ಒಬ್ಬೊಬ್ಬರಾಗಿ ಹಿಂದೆ ಬೀಳುತ್ತಿದ್ದರು, ಇವಳು ಮಾತ್ರ ಅದೇ ಮುಖದಲ್ಲಿ ಹೋಗುತ್ತಿದ್ದಳು. ಅಣ್ಣನ ಮೊಂಡುತನವೇ ಅವಳ ಕಾಲಿಗೆ ಇಳಿದಿದೆ ಅಂತ ನಾನು ಹೇಳುತ್ತಿದ್ದೆ.

ಸಂಜೆ ಗಿರಾಕಿಗಳೆಲ್ಲ ಹೋದ ಮೇಲೆ ಅವನು ಒಳಗಿನ ಮೂಲೆಯ ಸಿಮೆಂಟಿನ ತೊಟ್ಟಿ ತುಂಬಿಸಿಡುತ್ತಿದ್ದ. ಹಳೇ ಕಾಲದ ತೊಟ್ಟಿ, ಸೊಂಟದವರೆಗೆ ಮುಳುಗಿ ಕೂರಬಹುದು. ಪುಟ್ಟಿ ಓಟದ ಬಟ್ಟೆಯಲ್ಲೇ ಅದಕ್ಕೆ ಇಳಿಯುತ್ತಿದ್ದಳು. ಅವನು ಬಕೆಟ್ಟನ್ನು ಬೋರಲು ಹಾಕಿಕೊಂಡು ಪಕ್ಕದಲ್ಲಿ ಕೂತು, ನೀರು ಆರಿದ ಹಾಗೆ ಬಿಸಿ ಸೇರಿಸುತ್ತ, ಅವಳ ಮೀನಖಂಡಗಳನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದ. ಆಗ ನೋಡಬೇಕಿತ್ತು ಅವನನ್ನು. ಅಲ್ಲ, ಕೇಳಬೇಕಿತ್ತು. ಹಗಲೆಲ್ಲ ಮೂಗನ ಹಾಗಿದ್ದ ಮನುಷ್ಯನ ಬಾಯಿಂದ ಮಾತು ಹೊಳೆಯಾಗಿ ಹರಿಯುತ್ತಿತ್ತು. ಯಾವ ಗಿರಾಕಿ ಸೋಪು ಕದ್ದ, ಯಾರು ಹಾಡು ಹೇಳುತ್ತ ಜಾರಿ ಬಿದ್ದ, ಅಮ್ಮ ಚಿಕ್ಕಂದಿನಲ್ಲಿ ಅವನನ್ನು ಹೇಗೆ ಅಟ್ಟಾಡಿಸಿ ಹಿಡಿದು ಮೀಯಿಸುತ್ತಿದ್ದಳು, ಎಲ್ಲ. ಪುಟ್ಟಿ ಬಿದ್ದು ಬಿದ್ದು ನಗುತ್ತಿದ್ದಳು. ನಾನು ಗೋಡೆಯ ಈ ಕಡೆ ಟವಲು ಮಡಿಸುತ್ತ, ಮನೆಗೆ ಹೊತ್ತಾದರೂ ಏಳದೆ ಕೂತಿರುತ್ತಿದ್ದೆ. ಅವರ ಅಮ್ಮನನ್ನು ನಾನು ನೋಡಿದವಳಲ್ಲ. ಆದರೂ ಅವಳು ಹೇಗೆ ಬೈಯುತ್ತಿದ್ದಳು ಅಂತ ನನಗೆ ಚೆನ್ನಾಗಿ ಗೊತ್ತು.

ಹೀಗಿರುವಾಗ ಪುಟ್ಟಿಯ ಓಟ ಒಬ್ಬ ಕೋಚ್ ಕಣ್ಣಿಗೆ ಬಿತ್ತು. ತೆಳ್ಳಗಿನ ಹೆಂಗಸು, ನಡೆದರೂ ಓಡಿದ ಹಾಗೆ ಕಾಣುವವಳು. ಮೈದಾನದಲ್ಲಿ ದೂರದ ಓಟದ ಹುಡುಗಿಯರನ್ನು ತಯಾರು ಮಾಡುತ್ತಿದ್ದಳು, ಪುಟ್ಟಿಯನ್ನೂ ಸೇರಿಸಿಕೊಂಡಳು. ಅಣ್ಣನಿಗೂ ಖುಷಿಯೇ ಆಯಿತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆ ವಾರ ಎಲ್ಲ ಗಿರಾಕಿಗಳಿಗೂ ನೀರು ಸ್ವಲ್ಪ ಹೆಚ್ಚು ಬಿಸಿಯಾಗಿ ಬಂತು.

ಒಂದು ಮಧ್ಯಾಹ್ನ ಆ ಕೋಚ್ ನಮ್ಮಲ್ಲಿಗೇ ಬಂದಳು. ಬಹಳ ಮರ್ಯಾದೆಯಿಂದಲೇ ಮಾತಾಡಿದಳು, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ದೂರ ಓಡಿ ಬಂದ ಕಾಲಿನೊಳಗೆ ಸಣ್ಣ ಸಣ್ಣ ಪೆಟ್ಟುಗಳಾಗಿ ಊತ ಶುರುವಾಗಿರುತ್ತದಂತೆ. ಓಡಿದ ಕೂಡಲೇ ಸ್ವಲ್ಪ ಹೊತ್ತು ತಣ್ಣೀರಿನಲ್ಲಿ ಕೂತರೆ ನೋವು ಇಳಿದು, ಮಾರನೆಯ ದಿನ ಕಾಲು ಹಗುರಾಗಿರುತ್ತದಂತೆ. ಮೈದಾನದ ಹಿಂದೆ ಅವರದು ಒಂದು ಪ್ಲಾಸ್ಟಿಕ್ ಡ್ರಮ್ಮು ಇತ್ತು, ಅದರಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ಕಾಯಬೇಕು. ನಿಮ್ಮ ದೊಡ್ಡ ತೊಟ್ಟಿಗೆ ತಣ್ಣೀರು ಬಿಟ್ಟರೆ ಐಸು ನಾವೇ ತರುತ್ತೇವೆ, ಹುಡುಗಿಯರಿಗೆಲ್ಲ ಉಪಕಾರವಾಗುತ್ತದೆ ಅಂದಳು. ಬಿಸಿನೀರು ಕೆಟ್ಟದ್ದು ಅಂತ ಅವಳು ಒಂದು ಸಲವೂ ಹೇಳಲಿಲ್ಲ. ಬೇರೆ ಹೊತ್ತಿನಲ್ಲಿ ಅದೂ ಬೇಕು ಅಂತಲೇ ಹೇಳಿದಳು.

ಅವನು ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

"ಬಿಸಿ ಬೇಡ ಅನ್ನೋರಿಗೆ ಊರ ತುಂಬ ಕೆರೆ ಬಾವಿ ಇದೆ," ಅಂದ. "ಇಲ್ಲಿಗೆ ಯಾಕೆ ಬರ್ತೀರಿ?"

ಅಷ್ಟು ಹೇಳಿ ಬಾಯ್ಲರಿನ ಕಡೆ ಹೊರಟುಹೋದ. ನನಗೆ ಮೈಯೆಲ್ಲ ಉರಿಯಿತು. ಕೋಚ್ ಹೋದ ಮೇಲೆ ಒಳಗೆ ಹೋಗಿ, ಹೊಟ್ಟೆಗೆ ಅನ್ನ ತಿನ್ನೋ ಮನುಷ್ಯ ಆಡೋ ಮಾತಾ ಇದು ಅಂತ ತರಾಟೆಗೆ ತೆಗೆದುಕೊಂಡೆ. ನನ್ನ ಮಾತನ್ನು ಅವನು ಕಿವಿ ಮೇಲೇ ಹಾಕಿಕೊಳ್ಳಲಿಲ್ಲ. ಕೊಳವೆಯ ತಿರುಪು ಬಿಗಿ ಮಾಡುತ್ತಲೇ ಇದ್ದ. ಈಗ ಯೋಚಿಸಿದರೆ ಅವನ ಸಂಕಟ ಅರ್ಥವಾಗುತ್ತದೆ. ಆ ತಾಯಿ ತಂದೆ ಇಲ್ಲದ ಮಗುವಿಗೆ ಅವನು ಕೊಟ್ಟದ್ದು ಬಿಸಿನೀರೊಂದೇ. ಅದೂ ಬೇಡ ಅಂತ ಯಾರೋ ಬಂದು ಹೇಳಿದ ಹಾಗೆ ಕೇಳಿಸಿತು ಅವನಿಗೆ. ಅರ್ಥವಾದರೂ ಸಿಟ್ಟು ಮಾತ್ರ ಪೂರ್ತಿ ಇಳಿದಿಲ್ಲ.

ಆ ಸಂಜೆ ತೊಟ್ಟಿಯ ಹತ್ತಿರ ಮಾತಿಲ್ಲ ಕತೆಯಿಲ್ಲ. ನೀರು ಸುರಿದ ಸದ್ದು ಮಾತ್ರ ಕೇಳುತ್ತಿತ್ತು. ಮಾರನೆಯ ಸಂಜೆಯೂ ಹಾಗೆಯೇ. ಮೂರನೆಯ ಸಂಜೆ ಪುಟ್ಟಿ, ನಾನು ಐಸಿಗೆ ಇಳಿಯಲ್ಲ ಅಣ್ಣ, ನಂಗೆ ಇದೇ ಸಾಕು ಅಂದಳು. ಸ್ವಲ್ಪ ಹೊತ್ತಿಗೆ ಅವನು ಯಾವುದೋ ಗಿರಾಕಿಯ ಕತೆ ಶುರು ಮಾಡಿದ, ಅವಳು ನಕ್ಕಳು. ನಾನೂ ಈ ಕಡೆ ನಿಟ್ಟುಸಿರು ಬಿಟ್ಟು ಮನೆಗೆ ಹೋದೆ.

ಅವಳು ಸುಳ್ಳು ಹೇಳಿದ್ದಳು. ನಮಗೆಲ್ಲ ಅದು ಗೊತ್ತಾದದ್ದು ಬಹಳ ತಡವಾಗಿ. ದೂರದ ಓಟ ಮುಗಿಸಿ ಮೈದಾನದ ಹಿಂದಿನ ಡ್ರಮ್ಮಿನಲ್ಲಿ ಹಲ್ಲು ಕಟಕಟ ಅನ್ನುವವರೆಗೆ ಕೂರುವುದು, ಒಣಗಿದ ಬಟ್ಟೆ ಹಾಕಿಕೊಂಡು ಅಷ್ಟು ದೂರ ನಡೆದು ಬರುವುದು, ಸಂಜೆ ಅಣ್ಣನ ಬಿಸಿನೀರಿಗೆ ಇಳಿಯುವುದು. ಕೋಚ್ ಹೇಳಿದ್ದೂ ಆಯಿತು, ಅಣ್ಣ ಹೇಳಿದ್ದೂ ಆಯಿತು. ತಿಂಗಳು ಕಳೆದ ಹಾಗೆ ಅವಳ ಓಟ ಏರುತ್ತಲೇ ಹೋಯಿತು. ಅವನೋ, ಎಲ್ಲ ಬಿಸಿನೀರಿನ ಗುಣ ಅಂತ ಬೀಗಿದ. ಮೂಟೆ ಹೊರುವವರಿಗೆ ತಂಗಿಯ ಪದಕ ತೋರಿಸಿ, ಇದೇ ತೊಟ್ಟಿ ನೋಡಿ ಅಂತ ಬೆರಳು ಮಾಡುತ್ತಿದ್ದ. ಆ ಒಂದು ವಾಕ್ಯಕ್ಕೆ ಮಾತ್ರ ಹಗಲಿನಲ್ಲೂ ಅವನ ಬಾಯಿ ತೆರೆಯುತ್ತಿತ್ತು.

ಆಮೇಲೆ ಆಯ್ಕೆಯ ಓಟ ಬಂತು. ಅದರಲ್ಲಿ ಮುಂದೆ ಬಂದವರು ದೇಶದ ತಂಡಕ್ಕೆ ಸೇರಿ, ಹೊರದೇಶಕ್ಕೆ ಹೋಗಿ ದೊಡ್ಡ ಓಟ ಓಡುವವರು. ಪುಟ್ಟಿ ಖಂಡಿತ ಹೋಗುತ್ತಾಳೆ ಅಂತ ಕೋಚ್ ಹೇಳಿದ್ದಳಂತೆ. ನಮ್ಮ ಬೀದಿಯವರು ಆಗಲೇ ಹೋಗಿಬಂದ ಹಾಗೆ ಮಾತಾಡಿಕೊಳ್ಳುತ್ತಿದ್ದರು. ಓಟಕ್ಕೆ ಇನ್ನೇನು ಎರಡು ದಿನ ಅನ್ನುವಾಗ, ಬೆಳಗಿನ ಓಟದಲ್ಲಿ ಅವಳ ಬಲಗಾಲಿನ ಮೀನಖಂಡ ಚುಳುಕ್ ಅಂತು. ಸಣ್ಣ ಎಳೆತ, ಹೆದರಬೇಡ ಅಂದಳು ಕೋಚ್. ತಣ್ಣೀರು ಪಟ್ಟಿ, ವಿಶ್ರಾಂತಿ, ಇಷ್ಟು ಮಾಡಿದರೆ ಓಟದ ದಿನಕ್ಕೆ ಕಾಲು ಬರುತ್ತದೆ. ಬಿಸಿ ತಾಗಿಸಬಾರದು, ಯಾರೂ ಒತ್ತಬಾರದು ಅಂತ ಮತ್ತೆ ಮತ್ತೆ ಹೇಳಿ ಕಳಿಸಿದ್ದಳಂತೆ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಆ ಸಂಜೆ ಪುಟ್ಟಿ ಕೌಂಟರಿನ ಮುಂದೆ ಬಂದಾಗ ಕಾಲನ್ನು ಸ್ವಲ್ಪ ಎಳೆದ ಹಾಗೆ ಕಂಡಿತು. ಕೇಳಿದೆ. ಏನಿಲ್ಲ ಅಕ್ಕ, ದಣಿವು ಅಂದಳು. ಒಳಗೆ ಅವನು ಮಧ್ಯಾಹ್ನದಿಂದಲೇ ಏನೇನೋ ತಯಾರಿ ನಡೆಸಿದ್ದ. ತೊಟ್ಟಿಯನ್ನು ಉಜ್ಜಿ ತೊಳೆದಿದ್ದ, ಉಪ್ಪು ತಂದಿದ್ದ, ಎಂದಿಗಿಂತ ಬಿಸಿ ನೀರು ತುಂಬಿಸಿದ್ದ. ಓಟದ ಮುಂಚಿನ ನೀರು ಇದು ಅಂತ ನನಗೂ ಹೇಳಿದ್ದ. ಹಾಗೆ ತಾನಾಗಿ ನನ್ನ ಹತ್ತಿರ ಅವನು ಮಾತಾಡಿ ಯಾವ ಕಾಲವಾಗಿತ್ತೋ.

"ಇವತ್ತು ಬೇಡ ಅಣ್ಣ," ಅನ್ನುವುದು ಗೋಡೆಯ ಆ ಕಡೆಯಿಂದ ಕೇಳಿಸಿತು.

"ಆ ಕೋಚ್ ಹೇಳಿದ್ಲಾ?"

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಬೈದರೆ ಅವಳೂ ತಿರುಗಿ ಬೈಯುತ್ತಿದ್ದಳು, ಕಾಲಿನ ವಿಷಯ ಬಾಯಿಗೆ ಬರುತ್ತಿತ್ತು. ಅವನು ಬಕೆಟ್ಟನ್ನು ಸುಮ್ಮನೆ ದೂರ ಸರಿಸಿದ, ಅಷ್ಟೇ. ಆ ಸದ್ದು ಕೇಳಿತು. ಸ್ವಲ್ಪ ಹೊತ್ತಾದ ಮೇಲೆ ಅವಳು ನೀರಿಗೆ ಇಳಿದ ಸದ್ದು ಕೇಳಿತು. ಬಕೆಟ್ಟು ಮತ್ತೆ ಹತ್ತಿರ ಬಂತು. ಆ ಸಂಜೆ ಅವನು ಎಂದೂ ಹೇಳದಷ್ಟು ಕತೆ ಹೇಳಿದ. ನೋವಿದ್ದ ಜಾಗ ಅವನ ಬೆರಳಿಗೆ ಸಿಕ್ಕಿತಂತೆ. ಗಂಟು ಕಟ್ಟಿದೆ ಅಂದುಕೊಂಡು, ಬಿಸಿ ಸುರಿದು ಸುರಿದು, ಮೈಮೇಲಿನ ಶಕ್ತಿಯೆಲ್ಲ ಹಾಕಿ ಅಲ್ಲೇ ಒತ್ತಿದನಂತೆ. ಅವಳು ನೋವು ನುಂಗಿಕೊಂಡು ನಗುತ್ತಲೇ ಇದ್ದಳು. ಆ ನಗು ನಾನೂ ಕೇಳಿದ್ದೇನೆ.

ಬೆಳಿಗ್ಗೆ ಕಾಲು ಊದಿ ದಿಂಬಾಗಿತ್ತು. ಮೀನಖಂಡದಿಂದ ಹಿಮ್ಮಡಿಯವರೆಗೆ ನೀಲಿ. ನೆಲಕ್ಕೆ ಕಾಲೂರಲು ಆಗಲಿಲ್ಲ. ಓಟದ ದಿನ ಅವಳು ಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಜೊತೆ ತಯಾರಾಗಿದ್ದ ಇನ್ನೊಬ್ಬಳು ಆಯ್ಕೆಯಾದಳು. ಆ ಹುಡುಗಿ ಒಳ್ಳೆಯವಳೇ, ಅವಳನ್ನು ಬೈದು ಏನು ಪ್ರಯೋಜನ.

ಕೋಚ್ ಬಂದಳು. ಅವನನ್ನು ಚೆನ್ನಾಗಿ ಝಾಡಿಸುತ್ತಾಳೆ ಅಂದುಕೊಂಡಿದ್ದೆ, ನಿಜ ಹೇಳಬೇಕೆಂದರೆ ಅದಕ್ಕೆ ಕಾದೂ ಇದ್ದೆ. ಅವಳು ಝಾಡಿಸಲಿಲ್ಲ. ಹೊಸ ಪೆಟ್ಟಿಗೆ ಬಿಸಿ ತಾಗಿಸಿ ಒತ್ತಿದ್ದರಿಂದ ಒಳಗೆ ರಕ್ತ ಸೋರಿ ಊತ ಏರಿದೆ ಅಂತ ತಗ್ಗಿದ ದನಿಯಲ್ಲಿ ಹೇಳಿದಳು. ಮೈದಾನದ ಡ್ರಮ್ಮಿನ ವಿಷಯವೂ ಆಗಲೇ ಹೊರಗೆ ಬಂತು. ಇಷ್ಟು ದಿನ ತಂಗಿ ಎರಡೂ ಕಡೆ ಇಳಿಯುತ್ತಿದ್ದಳು ಅಂತ ಅವನಿಗೆ ತಿಳಿದದ್ದು ಹಾಗೆ. ಅವನು ಕೌಂಟರಿನ ಅಂಚು ಹಿಡಿದುಕೊಂಡು ನಿಂತ. ಬಂದ ಗಿರಾಕಿಗೆ ನಾನೇ ಒಳಗೆ ಹೋಗಿ ನೀರು ಬಿಟ್ಟುಕೊಟ್ಟೆ. ಅದು ಉಗುರುಬೆಚ್ಚಗಿತ್ತು ಅಂತ ಆ ಗಿರಾಕಿ ಬೈದುಕೊಂಡು ಹೋದ.

ಪುಟ್ಟಿ ಅಣ್ಣನ ಮೇಲೆ ಒಂದು ಮಾತು ಎತ್ತಲಿಲ್ಲ. ಕೇಳಿದವರಿಗೆಲ್ಲ ನನ್ನ ಕಾಲೇ ಸರಿ ಇರಲಿಲ್ಲ ಅಂದಳು. ಕಾಲು ವಾಸಿಯಾಗಲು ಬಹಳ ಕಾಲ ಹಿಡಿಯಿತು, ವಾಸಿಯಾದ ಮೇಲೂ ಅದೇ ಜಾಗ ಮತ್ತೆ ಮತ್ತೆ ಕೈಕೊಟ್ಟಿತು. ಓಟಗಳಿಗೆ ಹೋದಳು, ಒಂದೆರಡು ಗೆದ್ದಳು ಕೂಡ, ಆದರೆ ಅಂಥ ಆಯ್ಕೆ ಮತ್ತೆ ಅವಳ ಬಾಗಿಲಿಗೆ ಬರಲಿಲ್ಲ. ಕೊನೆಗೆ ಬೇರೆ ಊರಿನ ಶಾಲೆಯೊಂದರಲ್ಲಿ ಆಟದ ಮೇಡಂ ಆಗಿ ಹೋದಳು. ಅಲ್ಲೇ ಮದುವೆಯಾಯಿತು, ಮಗಳೂ ಹುಟ್ಟಿದಳು.

ಇವನಿಗೆ ಏನಾಯಿತು ಅಂತ ಹೇಳುತ್ತೇನೆ. ಪುಟ್ಟಿ ಊರು ಬಿಟ್ಟ ಮೇಲೆ ಮೂಲೆಯ ತೊಟ್ಟಿ ಬಹಳ ದಿನ ಒಣಗಿ ಬಿದ್ದಿತ್ತು. ಒಂದು ದಿನ ನೋಡಿದರೆ ಅದಕ್ಕೆ ತಣ್ಣೀರು ಬಿಡುತ್ತಿದ್ದಾನೆ. ಮೀನು ಮಾರುಕಟ್ಟೆಯ ಕಡೆಯಿಂದ ಗೋಣಿ ಸುತ್ತಿದ ಐಸಿನ ಗಡ್ಡೆ ತಾನೇ ಹೊತ್ತು ತಂದಿದ್ದಾನೆ. ಕೋಚ್ ಹತ್ತಿರ ತಾನೇ ಹೋಗಿ ಕೇಳಿಕೊಂಡನಂತೆ. ಏನು ಹೇಳಿ ಕೇಳಿದನೋ ಆ ಇಬ್ಬರಿಗೇ ಗೊತ್ತು. ಅವತ್ತಿನಿಂದ ದೂರದ ಓಟದ ಹುಡುಗಿಯರು ನಮ್ಮಲ್ಲಿಗೆ ಬರತೊಡಗಿದರು. ನೀರು ಎಷ್ಟು ತಣ್ಣಗಿರಬೇಕು, ಎಷ್ಟು ಹೊತ್ತು ಕೂರಬೇಕು, ತುಟಿ ನೀಲಿಯಾದರೆ ಎಬ್ಬಿಸಬೇಕು, ಎಲ್ಲ ಕೋಚ್ ಹೇಳಿಕೊಟ್ಟಳು, ಅವನು ಶಾಲೆಯ ಮಗುವಿನ ಹಾಗೆ ಕಲಿತ. ಹುಡುಗಿಯರು ಅಯ್ಯೋ ಕೊರೆಯುತ್ತೆ ಅಂತ ಕಿರುಚಿದರೆ ನಾನು ಈ ಕಡೆಯಿಂದ ನಗುತ್ತಿದ್ದೆ. ಅವನು ನಗುತ್ತಿರಲಿಲ್ಲ. ಬಕೆಟ್ಟು ಬೋರಲು ಹಾಕಿ ಪಕ್ಕದಲ್ಲಿ ಕೂರುತ್ತಲೂ ಇರಲಿಲ್ಲ. ಬಾಗಿಲ ಹತ್ತಿರ ನಿಂತು, ಎಲ್ಲಾದರೂ ನೋವಿದೆಯಾ, ಇದ್ದರೆ ಈಗಲೇ ಹೇಳಿ ಅಂತ ಪ್ರತಿಯೊಬ್ಬಳನ್ನೂ ಕೇಳುತ್ತಿದ್ದ. ಇಲ್ಲ ಅಂದರೂ ಇನ್ನೊಮ್ಮೆ ಕೇಳುತ್ತಿದ್ದ. ಆ ಹುಡುಗಿಯರಿಗೆ ಅದು ತಮಾಷೆ, ಹಿಂದಿನಿಂದ ಅವನ ದನಿ ಅಣಕಿಸುತ್ತಿದ್ದರು. ನಾನು ಮಾತ್ರ ಆಗ ಟವಲಿನಿಂದ ತಲೆ ಎತ್ತುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಪುಟ್ಟಿ ಒಬ್ಬಳೇ ಬಂದಿದ್ದಳು, ಬೆಳಿಗ್ಗೆ ಬಂದು ಸಂಜೆಯ ಬಸ್ಸಿಗೆ ಹೊರಡುವವಳು. ಮೈ ತುಂಬಿಕೊಂಡಿದ್ದಾಳೆ, ಕೂದಲಲ್ಲಿ ಒಂದೆರಡು ಬೆಳ್ಳಿ ಎಳೆ. ತೊಟ್ಟಿಯಲ್ಲಿ ಐಸು ತೇಲುವುದನ್ನು ನೋಡಿ, ಪರವಾಗಿಲ್ವೇ ಅಣ್ಣ ಅಂದಳು. ಅವನು ಹೂಂ ಅಂದ. ಅವಳು ನನ್ನ ಪಕ್ಕ ಕೂತು ಟವಲು ಮಡಿಸಿಕೊಡುತ್ತ ಮಗಳ ತಂಟೆಗಳನ್ನೆಲ್ಲ ಹೇಳಿದಳು. ಅವನು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಒಳಗೆ ಹೋಗಿ ಮತ್ತೆ ಬಂದ. ಮತ್ತೆ ಹೋದ. ಮೂರನೆಯ ಸಲ ಬಂದಾಗ, ನಾನಿದ್ದೇನೆ ಅನ್ನುವುದನ್ನೂ ಮರೆತು, ಕೇಳಿಯೇಬಿಟ್ಟ.

"ಅವತ್ತು ಯಾಕೆ ಇಳಿದೆ ಪುಟ್ಟಿ? ಕಾಲಿಗೆ ಪೆಟ್ಟಾಗಿದೆ ಅಂತ ಒಂದು ಮಾತು ಹೇಳಿದ್ರೆ ನಾನು ಬಿಡ್ತಿದ್ನಾ?"

ಅವಳು ಕೈಯಲ್ಲಿದ್ದ ಟವಲನ್ನು ಮಡಿಸಿ ಮುಗಿಸಿದಳು.

"ಹೇಳ್ಬೇಕು ಅಂತಾನೇ ಬಂದಿದ್ದೆ," ಅಂದಳು. "ನೀನು ಬಕೆಟ್ಟು ಸರಿಸಿದೆ. ಮನೇಲಿ ನೀನು ಮಾತಾಡ್ತಿರ್ಲಿಲ್ಲ ಅಣ್ಣ. ಅಲ್ಲಿ ಕೂತಾಗ ಮಾತ್ರ ಮಾತಾಡ್ತಿದ್ದೆ. ಐಸಿನ ಡ್ರಮ್ಮಲ್ಲಿ ಕೂತು ಬಂದ್ಮೇಲೆ ನಂಗೆ ಬಿಸಿನೀರು ಬೇಕೇ ಇರ್ಲಿಲ್ಲ, ಸುಮಾರು ಕಾಲದಿಂದ. ನಿನ್ನ ಮಾತು ಕೇಳೋಕೆ ಇಳೀತಿದ್ದೆ. ಅವತ್ತೂ ಅಷ್ಟೇ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅವನು ಒಳಗೆ ಹೋದ. ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ, ಅವಳು ನನ್ನ ಬೆನ್ನು ತಟ್ಟಿದಳು. ಅವಳನ್ನು ನಾನು ಸಮಾಧಾನ ಮಾಡಬೇಕಿತ್ತು, ಆದದ್ದು ತಿರುಗಾಮುರುಗ.

ಸಂಜೆ ಅವನು ಹುಡುಗಿಯರನ್ನು ನನಗೆ ಒಪ್ಪಿಸಿ, ಅಂಗಿ ಬದಲಾಯಿಸಿಕೊಂಡು, ತಂಗಿಯನ್ನು ಬಸ್ ನಿಲ್ದಾಣಕ್ಕೆ ಬಿಡಲು ಹೊರಟ. ಆ ಹೊತ್ತಿನಲ್ಲಿ ಬಾಯ್ಲರು ಬಿಟ್ಟು ಅವನು ಹೊರಗೆ ಕಾಲಿಟ್ಟದ್ದನ್ನು ನಾನು ಕಂಡೇ ಇರಲಿಲ್ಲ. ಅಂತೂ ಇಂತೂ ಇಷ್ಟು ವರ್ಷಕ್ಕೆ ಅಣ್ಣ ತಂಗಿ ಮನಸ್ಸು ಬಿಚ್ಚಿ ಮಾತಾಡುತ್ತಾರೆ ಅಂತ ನನಗೆ ನೆಮ್ಮದಿಯಾಯಿತು. ಬೆಳಿಗ್ಗೆ ಬಾಗಿಲು ತೆಗೆಯುವಾಗ ಕೇಳಿದೆ. ಬಸ್ಸು ತಡವಾಗಿ ಬಂತಂತೆ. ಇಬ್ಬರೂ ಬೆಂಚಿನ ಮೇಲೆ ಪಕ್ಕಪಕ್ಕ ಕೂತಿದ್ದರಂತೆ.

"ಏನೇನು ಮಾತಾಡಿದೆ ಪುಟ್ಟಿ ಹತ್ರ?" ಅಂದೆ.

ಅವನು ಬೀಗ ತೆಗೆದು, ಕೀಲಿಯನ್ನು ಕೈಯಲ್ಲೇ ಹಿಡಿದು ನಿಂತ.

"ಏನೂ ಇಲ್ಲ ಅಕ್ಕ," ಅಂದ. "ಅವಳು ಕಾಯ್ತಾ ಇದ್ಲು. ಎಲ್ಲಿಂದ ಶುರು ಮಾಡ್ಬೇಕು ಅಂತ ನಂಗೆ ಗೊತ್ತಾಗ್ಲಿಲ್ಲ."